ತಿನ್ನೋದು ಕಮ್ಮಿ ಆಗಬೇಕು

ಕಿಣ್ವ ಅಂದರೆ ದೊಡ್ಡಮ್ಮನಿಗೆ ಅರ್ಥವಾಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಎಡವಟ್ಟು ಶುರುವಾದದ್ದೇ ಅಲ್ಲಿ. ದೊಡ್ಡಮ್ಮ ಅಂದರೆ ನಮ್ಮ ಅಮ್ಮನ ಅಕ್ಕ. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ನಾನು ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವವಳು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ತಾವು ಹೇಳಿದ್ದೆಲ್ಲ ಎದುರಿನವರಿಗೆ ಅರ್ಥವಾಗಿದೆ ಅನ್ನುವ ಭ್ರಮೆ ಅಂಟಿಕೊಂಡಿರುತ್ತದೆ.

ಹಾಲು ಕರೆಯುವಾಗ ಹಸು ಅವಳ ಎಡಗಾಲು ತುಳಿದಿತ್ತು. ಮೊದಲೇ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೆಬ್ಬೆರಳು ಹೋದರೆ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವುದು ಹೇಗೆ? ಅವಳಿಗೆ ಅದೊಂದೇ ಚಿಂತೆ. ಒಂದು ಭಾನುವಾರ ನಾನು ಕೆಜಿಎಫ್‌ನ ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ನೋಡಲು ಹೋದಾಗ ಪಟ್ಟಿ ಬಿಚ್ಚಿ ತೋರಿಸಿದಳು.

"ಯಾಕಮ್ಮ ಇದು ಮಾಯ್ತಾನೇ ಇಲ್ಲ? ನೀನು ಇದನ್ನೇ ಓದಿದೀಯಂತಲ್ಲ, ಯಾಕೆ ಅಂತ ಏಳು."

ನಿಜ, ನಾನು ಓದಿದ್ದು ಅದನ್ನೇ. ನಮ್ಮ ಜೀವಕೋಶಗಳ ಸುತ್ತ ನಾರಿನ ಒಂದು ಹಂದರವಿದೆ. ಅದರಲ್ಲಿ ಹಳತಾದದ್ದನ್ನು, ಹರಿದದ್ದನ್ನು ಕತ್ತರಿಸಿ ತೆಗೆಯುವ ಕಿಣ್ವಗಳಿಗೆ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್ ಎಂದು ಹೆಸರು. ಸತುವಿನ ಕಣವಿಲ್ಲದೆ ಇವು ಕೆಲಸ ಮಾಡುವುದಿಲ್ಲ. ಗೊದಮೊಟ್ಟೆಯ ಬಾಲ ಕರಗುವುದಕ್ಕೆ ಇವು ಬೇಕು, ಹೆರಿಗೆಯಾದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳುವುದಕ್ಕೆ ಬೇಕು, ಗಾಯ ಮಾಯುವುದಕ್ಕೂ ಬೇಕು. ಇವನ್ನು ಹದ್ದುಬಸ್ತಿನಲ್ಲಿಡುವ ಪ್ರೋಟೀನುಗಳೂ ಮೈಯಲ್ಲೇ ಇವೆ. ಆ ಹಿಡಿತ ತಪ್ಪಿತೋ, ಮಂಡಿಯ ಮೆದುಮೂಳೆ ಸವೆಯುತ್ತದೆ, ಕ್ಯಾನ್ಸರ್ ಅಕ್ಕಪಕ್ಕಕ್ಕೆ ನುಗ್ಗಲು ದಾರಿಯಾಗುತ್ತದೆ. ಸಕ್ಕರೆ ಕಾಯಿಲೆಯವರ ಗಾಯದಲ್ಲಂತೂ ಮೈ ಹೊಸದಾಗಿ ಕಟ್ಟಿದ್ದನ್ನೂ ಕಟ್ಟಿದ ಹಾಗೆಯೇ ಇವು ತಿಂದುಹಾಕುತ್ತವೆ.

ಇದನ್ನು ಅವಳಿಗೆ ತಿಳಿಯುವ ಹಾಗೆ ಹೇಳುವುದು ಕಷ್ಟವೇನಿರಲಿಲ್ಲ. ದೊಡ್ಡಪ್ಪ ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸ ಮಾಡಿದವರು. ಸಡಿಲ ಕಲ್ಲು ಕೆಡವುವವರು, ಆಸರೆ ನಿಲ್ಲಿಸುವವರು, ಇಬ್ಬರೂ ಬೇಕು. ಕೆಡವುವವರು ಕೆಡವುತ್ತಲೇ ಹೋದರೆ ಸುರಂಗ ಕುಸಿಯುತ್ತದೆ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ನನಗೆ ವಾಪಸು ರೈಲಿಗೆ ಹೊತ್ತಾಗುತ್ತಿತ್ತು. ಇನ್ನೊಂದು ಮಾತು, ಬರೆಯಲು ನಾಚಿಕೆಯಾಗುತ್ತದೆ: ಆ ಗಾಯದ ವಾಸನೆ ನನಗೆ ತಡೆಯಲಾಗುತ್ತಿರಲಿಲ್ಲ. ಎದ್ದು ಹೋದರೆ ಸಾಕಾಗಿತ್ತು.

"ತಿನ್ನೋದು ಜಾಸ್ತಿ ಆಗೈತೆ ದೊಡ್ಡಮ್ಮ, ಅದ್ಕೇ ಮಾಯ್ತಿಲ್ಲ. ತಿನ್ನೋದು ಕಮ್ಮಿ ಆಗ್ಬೇಕು," ಅಂದೆ.

"ಔದಾ?" ಅಂದಳು. ತಲೆ ತಗ್ಗಿಸಿ ಪಟ್ಟಿ ಸುತ್ತಿಕೊಂಡಳು. ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಎಂದು ರೈಲಿನಲ್ಲಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರು ವಾರದ ಮೇಲೆ ಅವಳ ಸೊಸೆ ಫೋನ್ ಮಾಡಿದಳು. ದೊಡ್ಡಮ್ಮ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಬಿದ್ದಿದ್ದಳು. ನಾನು ಆಸ್ಪತ್ರೆಗೆ ಓಡಿದೆ. ಬೆರಳು ಕಪ್ಪಾಗಿತ್ತು, ನಾಳೆಯೇ ತೆಗೆಯಬೇಕು ಎಂದರು ಡಾಕ್ಟರು. ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ರೇಗಿದರು.

"ಏನಮ್ಮ, ಊಟಾನೇ ಬಿಟ್ಟಿದ್ದೀರಾ? ಮೊಟ್ಟೆ, ಬೇಳೆ, ಹಾಲು ಏನೂ ಇಲ್ಲದೆ ಗಾಯ ಮಾಯೋದು ಹೇಗೆ?"

"ಅಸೀವೇ ಆಗಲ್ಲ ಸಾರ್," ಅಂದಳು.

ನಾನೂ ಡಾಕ್ಟರ ಜೊತೆ ಸೇರಿಕೊಂಡು, "ಚಿಕ್ಕ ಮಕ್ಳ ತರ ಆಡ್ತೀಯಲ್ಲ ದೊಡ್ಡಮ್ಮ" ಎಂದು ಗದರಿದೆ. ಓದಿದವಳು ಎಂದು ಅವರ ಮುಂದೆ ತೋರಿಸಿಕೊಳ್ಳಬೇಕಿತ್ತಲ್ಲ. ಅವಳು ಸುಮ್ಮನೆ ಬೈಸಿಕೊಂಡಳು.

ಡಾಕ್ಟರು ಪಕ್ಕದ ಮಂಚಕ್ಕೆ ಹೋದ ಮೇಲೆ ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು.

"ಒಂದ್ ಮಾತು ಏಳ್ತೀನಿ, ಬೈಬ್ಯಾಡ. ಅವ್ರು ಎಲ್ರಿಗೂ ತಿನ್ನಿ ಅಂತಾರೆ, ನಂಗೆ ನೀನು ಏಳಿದ್ದೇ ಸರಿ. ಅವತ್ತಿಂದ ಒತ್ತಿಗೆ ಅರ್ಧ ಮುದ್ದೆ, ಉಪ್ಪೆಸರು, ಅಷ್ಟೇ. ಆಲು ಮುಟ್ಟಿಲ್ಲ, ಬ್ಯಾಳೆ ಮುಟ್ಟಿಲ್ಲ. ಆದ್ರೆ ಒಂದಿನ ಸೊಸೆ ಮೊಟ್ಟೆ ಬೇಯ್ಸಿದ್ಲು. ಆಸೆ ತಡ್ಕಳಕ್ಕಾಗ್ಲಿಲ್ಲ, ಒಂದು ತಿಂದ್ಬುಟ್ಟೆ. ಅದ್ಕೇ ಇವತ್ತು ಬೆಳ್ಳು ಓಗ್ತಾ ಐತೆ. ನಿನ್ ಮಾತು ಮೀರ್ಬುಟ್ಟೆ, ತಪ್ಪಾಯ್ತು ಕಣಮ್ಮ."

ಆ ಭಾನುವಾರ ಹೇಳಿದ ಮಾತು ನೆನಪಾಯಿತು. ನಾನು ಹೇಳಿದ್ದು ಕಿಣ್ವಗಳು ಗಾಯವನ್ನು ತಿನ್ನುವುದರ ಬಗ್ಗೆ. ಅವಳಿಗೆ ಕೇಳಿಸಿದ್ದು ಅವಳು ತಿನ್ನುವುದರ ಬಗ್ಗೆ. ನಮ್ಮ ಮಾತಿನಲ್ಲಿ ಎರಡೂ 'ತಿನ್ನೋದೇ'. ಗಾಯಕ್ಕೆ ಮೊಟ್ಟೆ ನಂಜು ಎಂದು ಪಥ್ಯ ಹಿಡಿಯುವ ಊರಿನಲ್ಲಿ ಬೆಳೆದವಳು ನಾನೂ. ಇದು ನನಗೆ ಗೊತ್ತಿರಬೇಕಿತ್ತು. ಹೊಟ್ಟೆ ತುಂಬ ತಿಂದಿದ್ದರೂ ಬೆರಳು ಹೋಗುತ್ತಿತ್ತೇನೋ. ಆ ಸಮಾಧಾನ ಹೇಳಿಕೊಳ್ಳುವ ಯೋಗ್ಯತೆ ನನಗಿಲ್ಲ.

ತಪ್ಪು ನನ್ನದು ಎಂದು ಅಲ್ಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಮಂಚದ ಕಾಲ ಬಳಿ ಸೊಸೆ ನಿಂತಿದ್ದಳು, ಡಾಕ್ಟರಿಗೆ ಕೇಳಿಸುವಷ್ಟು ಹತ್ತಿರದಲ್ಲಿದ್ದೆವು.

"ಓಗ್ಲಿ ಬುಡು ದೊಡ್ಡಮ್ಮ, ಒಂದು ಮೊಟ್ಟೆ ತಾನೆ. ಇನ್ಮೇಲೆ ತಿನ್ನು, ಏನೂ ಆಗಲ್ಲ," ಎಂದೆ.

ನಾನು ಅವಳನ್ನು ಕ್ಷಮಿಸಿದೆ. ಅವಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.