ಎಡಕ್ಕೆ ತಿರುಗಿಸಿಟ್ಟ ಗುಂಡಿ

ಶಹಾಬಾದಿನಲ್ಲಿ ಮೈಕ್‌ಸೆಟ್ ಮಡಿವಾಳಯ್ಯನನ್ನು ಅರಿಯದವರು ಇಲ್ಲ. ಮದುವೆ, ಉರುಸು, ಚುನಾವಣೆಯ ಭಾಷಣ, ಏನೇ ಇದ್ದರೂ ಕಂಬಕ್ಕೆ ಹಾರ್ನ್ ಕಟ್ಟಿದವನು ಅವನೇ. ಡಿಜೆ ಗಾಡಿಗಳು ಬಂದು ಆ ಧಂದೆ ಮಲಗಿದ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಸ್ಟುಡಿಯೋ ಮಾಡಿಕೊಂಡ. ನೆಲವೂ ಫರ್ಸಿ ಕಲ್ಲು, ಗೋಡೆಯೂ ಫರ್ಸಿ. ಒಮ್ಮೆ ಕೆಮ್ಮಿದರೆ ಊರೆಲ್ಲ ಕೆಮ್ಮಿದಂತೆ ಕೇಳುತ್ತಿತ್ತು. ಹೆಂಡತಿ ಉಮಾದೇವಿ ಹೊಲಿದಿಟ್ಟ ಕೌದಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ತೂಗಿಸಿದ ಮೇಲೆ ಕೋಣೆ ಸುಮ್ಮನಾಯಿತು. ಚಳಿಗಾಲ ಬಂದಾಗ ಉಮಾದೇವಿ ಮಾತ್ರ ಸುಮ್ಮನಿರಲಿಲ್ಲ. ಕಾಳಗಿ, ಸೇಡಂ, ಚಿಂಚೋಳಿ ಕಡೆಯ ಮೇಳಗಳು ಬಂದು ತತ್ವಪದ ಹಾಡುತ್ತಿದ್ದವು, ಮೊಹರಮ್ ಹತ್ತಿರವಾದರೆ ರಿವಾಯತ್ ಪದದವರು. ಹತ್ತಿರದ ರೈಲು ಹಳಿಯ ಮೇಲೆ ಮಾಲಗಾಡಿ ಹೋಗುವವರೆಗೆ ಎಲ್ಲರೂ ಬಾಯಿ ಮುಚ್ಚಿ ಕಾಯುವುದು, ಆಮೇಲೆ ಹಾಡುವುದು.

ಈ ಕೆಲಸದಲ್ಲಿ ಅವನ ಬಲಗೈ ಬಂದೇಅಲಿ. ಮೀಸೆ ಮೂಡುವ ಮೊದಲೇ ವೈರಿನ ಸುರುಳಿ ಹೊತ್ತು ಮಡಿವಾಳಯ್ಯನ ಹಿಂದೆ ತಿರುಗಿದವನು. ಈಗ ಆ ಮೀಸೆಯೇ ನರೆಯುತ್ತಿದೆ. ಸ್ಟುಡಿಯೋದ ಒಂದು ಚಾವಿ ಮಡಿವಾಳಯ್ಯನ ಉಡದಾರದಲ್ಲಿ, ಇನ್ನೊಂದು ಬಂದೇಅಲಿಯ ಜೇಬಿನಲ್ಲಿ. ಮಡಿವಾಳಯ್ಯ ಅವನಿಗೆ ಮೊದಲು ಕಲಿಸಿದ ಪಾಠವೆಂದರೆ, ಮಷೀನು ಬಂದ್ ಮಾಡುವ ಮುಂಚೆ ಎಲ್ಲ ಗುಂಡಿಗಳನ್ನೂ ಎಡಕ್ಕೆ ಕೊನೆಯವರೆಗೆ ತಿರುಗಿಸಬೇಕು. ಇಲ್ಲದಿದ್ದರೆ ಮರುದಿನ ಸ್ವಿಚ್ ಹಾಕಿದೊಡನೆ ಢಂ ಎಂದು ಹಾರ್ನ್ ಸುಟ್ಟುಹೋಗುತ್ತದೆ. ಒಮ್ಮೆ ಮರೆತದ್ದಕ್ಕೆ ತಲೆಗೆ ಮೊಟಕಿಯೂ ಕಲಿಸಿದ್ದ.

ಸ್ಟುಡಿಯೋದಲ್ಲಿ ಮೊದಲು ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಡಬ್ಬಿ ಒಂದೇ ಇತ್ತು. ಮೇಳಕ್ಕೆ ಅದು ಸಾಲದೆಂದು ಎಂಟು ಮೈಕಿನ ಇನ್ನೊಂದು ಡಬ್ಬಿ ತಂದು, ಎರಡರ ನಡುವೆ ಆಪ್ಟಿಕಲ್ ಕೇಬಲ್ ಹಾಕಿದರು. ಕಲಬುರಗಿಯ ಅಂಗಡಿಯವನು ಬಂದು ಜೋಡಿಸಿ ವಿವರ ಹೇಳುವಾಗ ಮಡಿವಾಳಯ್ಯ ಚಹಾ ತರಿಸುವ ಗಡಿಬಿಡಿಯಲ್ಲಿದ್ದ, ಕೇಳಿಸಿಕೊಂಡವನು ಬಂದೇಅಲಿ.

ಅಂದಿನಿಂದ ಒಂದು ಕಾಟ ಶುರುವಾಯಿತು. ಕೆಲವು ದಿನ ರೆಕಾರ್ಡಿಂಗಿನ ನಡುನಡುವೆ ಟಿಕ್, ಟಿಕ್ ಎಂಬ ಸದ್ದು, ಅನ್ನದಲ್ಲಿ ಹರಳು ಸಿಕ್ಕ ಹಾಗೆ. ಕೆಲವು ದಿನ ಏನೂ ಇಲ್ಲ. ದಿನಾ ಬರುತ್ತಿದ್ದರೆ ಮಡಿವಾಳಯ್ಯ ಮಷೀನನ್ನು ಬೈದು ಸುಮ್ಮನಾಗುತ್ತಿದ್ದ. ಒಂದು ದಿನ ಬಂದು ಇನ್ನೊಂದು ದಿನ ಬರುವುದಿಲ್ಲ ಎಂದರೆ ಅದು ಮನುಷ್ಯನ ಕೈಚಳಕವೇ ಎಂದು ತೀರ್ಮಾನಿಸಿಬಿಟ್ಟ.

ಅದೇ ಹೊತ್ತಿಗೆ ಭಂಕೂರಿನ ಗೊಲ್ಲಾಳಪ್ಪ, ಢೋಲಕ್ ಬಾರಿಸುವವನು, ಒಂದು ಸುದ್ದಿ ತಂದ. ಬಂದೇಅಲಿ ಚಿತ್ತಾಪುರದಲ್ಲಿ ಒಂದು ಮಳಿಗೆಯ ಅಳತೆ ತೆಗೆಯುವುದನ್ನು ಕಣ್ಣಾರೆ ಕಂಡನಂತೆ. ಮಡಿವಾಳಯ್ಯನಿಗೆ ಇಷ್ಟೇ ಬೇಕಾಗಿತ್ತು. ನನ್ನ ಸ್ಟುಡಿಯೋದ ಹೆಸರು ಕೆಡಿಸಿ ತನ್ನದನ್ನು ತೆರೆಯುತ್ತಾನೆ, ಬೇಲಿಯೇ ಎದ್ದು ಹೊಲ ಮೇಯಿತು ಎಂದುಕೊಂಡ. ಪರೀಕ್ಷೆಗೆಂದು ಒಂದು ದಿನ ಎಲ್ಲರೆದುರು, ಈ ಟಿಕ್ ಹಿಂದೆ ಯಾರೋ ಇದ್ದಾರೆ ಎಂದು ಜೋರಾಗಿ ಹೇಳಿ ನೋಡಿದ. ಬಂದೇಅಲಿ ಹೊಸ ಡಬ್ಬಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಎಂದು ಮಡಿವಾಳಯ್ಯ ಖಚಿತ ಮಾಡಿಕೊಂಡ.

ಓಣಿಯ ತುಂಬ ಕಲ್ಲು ಪಾಲಿಶ್ ಮಾಡುವ ಮಷೀನುಗಳು. ಬೆಳಿಗ್ಗೆ ಒರೆಸಿದ್ದರ ಮೇಲೆ ಸಂಜೆಗೆ ಬೂದು ಧೂಳು ಕೂತಿರುತ್ತದೆ. ಆ ಧೂಳನ್ನೇ ಮಡಿವಾಳಯ್ಯ ಕಾವಲಿಗೆ ಇಟ್ಟ. ಹೊಸ ಡಬ್ಬಿಯನ್ನು ಒರೆಸುವುದನ್ನು ಬಿಟ್ಟ. ಎರಡು ದಿನ ಕಳೆದು ಬ್ಯಾಟರಿ ಹಿಡಿದು ನೋಡಿದರೆ, ಡಬ್ಬಿಯ ಬೆನ್ನಿಗಿರುವ ಸಣ್ಣ ಗುಂಡಿಯ ಮೇಲೆ ಹೊಸ ಬೆರಳಿನ ಗುರುತು. ಹಿಂದಿನ ಸಂಜೆ ಬಂದ್ ಮಾಡುವಾಗ ತಾನೇ ಎಡಕ್ಕೆ ತಿರುಗಿಸಿಟ್ಟದ್ದು ಈಗ ಬಲಕ್ಕಿತ್ತು. ಆ ದಿನದ ರೆಕಾರ್ಡಿಂಗಿನಲ್ಲಿ ಒಂದೇ ಒಂದು ಟಿಕ್ ಇರಲಿಲ್ಲ. ಆದರೆ ಕಳ್ಳ ಸಿಕ್ಕ ಖುಷಿಯಲ್ಲಿ ಅದನ್ನು ಯಾರು ಯೋಚಿಸುತ್ತಾರೆ?

ಕಾಳಗಿಯ ಮೇಳ ಕೂತಿರುವಾಗಲೇ ಕೇಳಿಬಿಟ್ಟ.

“ಹಿಂದಿನ ನಾಬ್ ತಿರುವಿದಾಂವ ನೀನ ಹೌದಿಲ್ಲೊ?”

“ಹೌದ್ರಿ ಉಸ್ತಾದ,” ಎಂದ ಬಂದೇಅಲಿ. ಕೂತವರನ್ನು ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ.

“ನಾಳಿಂದ ಬರಬ್ಯಾಡ.”

ಬಂದೇಅಲಿ ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿ, ಚಪ್ಪಲಿ ಮೆಟ್ಟಿ ಹೋದ. ಮಡಿವಾಳಯ್ಯ ಅಂದೇ ಬಾಗಿಲಿಗೆ ಹೊಸ ಕೀಲಿ ಹಾಕಿದ. ಚಿತ್ತಾಪುರದ ಮಳಿಗೆ ಬಂದೇಅಲಿಯ ಹೆಂಡತಿ ತಸ್ಲೀಮಳ ಹೊಲಿಗೆ ಅಂಗಡಿಗೆ ಎಂದು ಉಮಾದೇವಿ ಹೇಳಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದೂ ಸೇರಿಸಿದಳು. ನೀನೂ ಅವನ ಕಡೆಯೇ ಎಂದು ಗಂಡ ಅವಳ ಮೇಲೂ ಸಂಶಯಪಟ್ಟ.

ಆಮೇಲೆ ಬಂದವಳು ಶರಣಬಸಮ್ಮ. ಸೀಮೆಯೆಲ್ಲ ಮೆಚ್ಚಿದ ಕಂಠದ ಮುದುಕಿ. ಅವಳು ಕಣ್ಣು ಮುಚ್ಚಿ ಹಾಡಿದ ಪದಕ್ಕೆ ಢೋಲಕ್ ಹಿಡಿದ ಗೊಲ್ಲಾಳಪ್ಪನ ಕಣ್ಣೂ ಒದ್ದೆಯಾಯಿತು. ಹಾಡು ಮುಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು.

“ತಮ್ಮಾ, ನನ್ನ ಪದದಾಗ ಹಲ್ಲಿ ಯಾಕ ಲೊಚಗುಟ್ಟಾಕತ್ತದ?”

ಹಾಡಿನುದ್ದಕ್ಕೂ ಟಿಕ್. ಕಳ್ಳನನ್ನು ಓಡಿಸಿದ್ದಾಯಿತು, ಕೀಲಿ ಬದಲಿಸಿದ್ದಾಯಿತು, ಟಿಕ್ ಮಾತ್ರ ಹೋಗಿಲ್ಲ. ಮಡಿವಾಳಯ್ಯ ಅಂಗಡಿಯವನಿಗೆ ಫೋನ್ ಹಚ್ಚಿದ. ಅವನು ತಾಳ್ಮೆಯಿಂದ ಹೇಳಿದ: ಎರಡು ಡಬ್ಬಿಯ ಹೊಟ್ಟೆಯಲ್ಲೂ ಒಂದೊಂದು ಗಡಿಯಾರ ಇದೆ. ಒಂದು ಹೊತ್ತು ಹೇಳಬೇಕು, ಇನ್ನೊಂದು ಕೇಳಬೇಕು. ಎರಡೂ ತಮ್ಮದೇ ಸರಿ ಎಂದರೆ ಹೊಂದಿಕೆ ತಪ್ಪಿ ಟಿಕ್ ಬರುತ್ತದೆ. ಹೊಸ ಡಬ್ಬಿಯ ಹಿಂದಿನ ಗುಂಡಿ ಎಡಕ್ಕಿದ್ದರೆ ಅದು ತನ್ನ ಗಡಿಯಾರವನ್ನೇ ಹಿಡಿಯುತ್ತದೆ, ಬಲಕ್ಕಿದ್ದರೆ ಹಳೆಯದರ ಮಾತು ಕೇಳುತ್ತದೆ. ಬಲಕ್ಕೇ ಇರಲಿ ಎಂದು ಬಂದೇಅಲಿಯವರಿಗೆ ಹೇಳಿದ್ದೆನಲ್ಲ?

ಮಡಿವಾಳಯ್ಯ ಬ್ಯಾಟರಿ ಹಿಡಿದು ಡಬ್ಬಿಯ ಹಿಂದೆ ಬಗ್ಗಿದ. ಗುಂಡಿ ಎಡಕ್ಕಿತ್ತು. ಧೂಳಿನಲ್ಲಿ ಒಂದು ಹೆಬ್ಬೆರಳು, ಒಂದು ತೋರುಬೆರಳು. ತನ್ನ ಬೆರಳುಗಳನ್ನು ಅವುಗಳ ಮೇಲಿಟ್ಟ. ಸರಿಯಾಗಿ ಕೂತವು. ಈ ಕೋಣೆಗೆ ಈಗ ಬೇರೆ ಯಾರ ಕೈಯೂ ಬರುವುದಿಲ್ಲ. ಬಂದ್ ಮಾಡುವಾಗ ಗುಂಡಿ ಕಂಡಲ್ಲೆಲ್ಲ ಎಡಕ್ಕೆ ತಿರುಗಿಸುವ ಮೈಕ್‌ಸೆಟ್ಟಿನ ಕೈ ಅದು, ಅವನದೇ. ನಾಚಿಕೆಯಿಂದ ಅವನು ಹಿಡಿಯಾದ.

ಶರಣಬಸಮ್ಮನನ್ನು ಮರುದಿನದವರೆಗೆ ಉಳಿಸಿಕೊಂಡು ಬಂದೇಅಲಿಯ ಮನೆಗೆ ಹೋದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಎಡಕ್ಕ ತಂದ ಬಂದ್ ಮಾಡ್ಬೇಕಂತ ಕಲಿಸಿದವರ ನೀವ್ರಿ. ಮಂದಿ ಮುಂದ ಉಸ್ತಾದಗ ತಪ್ಪ ಅಂತ ಹ್ಯಾಂಗ ಹೇಳ್ಲಿ? ಮುಂಜಾನಿ ಬಂದು ಸುಮ್ಮ ಬಲಕ್ಕ ತಿರುವತಿದ್ದೆ. ನಾ ಬರೂದು ತಡಾ ಆದ ದಿನ ಟಿಕ್ ಬರ್ತಿತ್ತು.”

ಮಡಿವಾಳಯ್ಯ ಉಡದಾರದಿಂದ ಹೊಸ ಕೀಲಿಯ ಚಾವಿ ಬಿಚ್ಚಿ ಕಟ್ಟೆಯ ಮೇಲಿಟ್ಟ. ಬಂದೇಅಲಿ ಅದನ್ನು ನೋಡಿದ, ಮುಟ್ಟಲಿಲ್ಲ.

“ಬರ್ತೀನ್ರಿ ನಾಳಿಗಿ. ಚಾವಿ ನಿಮ್ಮ ಕಡೇನೇ ಇರ್ಲಿ. ನೀವು ಬಾಗಲಾ ತಗದ ಮ್ಯಾಲ, ನಿಮ್ಮ ಎದುರಿಗೇ ತಿರುವತೀನಿ.”

ಮರುದಿನ ಶರಣಬಸಮ್ಮನ ಪದದಲ್ಲಿ ಒಂದೂ ಟಿಕ್ ಇರಲಿಲ್ಲ. ಬಂದೇಅಲಿ ಈಗಲೂ ದಿನಾ ಹೊತ್ತಿಗೆ ಮುಂಚೆ ಬರುತ್ತಾನೆ. ಮಡಿವಾಳಯ್ಯ ಸ್ನಾನ ಮುಗಿಸಿ ಕೀಲಿ ತೆಗೆಯುವವರೆಗೆ ಹೊರಗೆ ಫರ್ಸಿಯ ಮೇಲೆ ಕೂತಿರುತ್ತಾನೆ.