ಒಂದು ಕಿಲೋ ಕಡಿಮೆ ಬಿದ್ದ ಶನಿವಾರ

ಭಾನುವಾರದ ರೇಸನ್ನಷ್ಟೇ ನೋಡಿ ದೊಡ್ಡ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾಲ್ಕೂ ಚಕ್ರ ಮೈಯಿಂದ ಹೊರಗೆ ಚಾಚಿಕೊಂಡು ಓಡುವ ಆ ಕಾರುಗಳ ಖರೇ ಮಜಾ ಇರುವುದು ಶನಿವಾರ. ಅವತ್ತು ಅರ್ಹತಾ ಸುತ್ತು. ಒಂದು ಸುತ್ತನ್ನು ಯಾರು ಎಷ್ಟು ಬೇಗ ಮುಗಿಸುತ್ತಾರೆಂದು ನೋಡಿ, ಮರುದಿನ ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ ಎಂದು ಗೊತ್ತುಮಾಡುತ್ತಾರೆ. ದೊಡ್ಡ ತಂಡದವನು ಮಣ್ಣು ಮುಕ್ಕುವುದು, ಯಾರೂ ಲೆಕ್ಕಕ್ಕಿಡದವನು ಮೇಲೇರುವುದು ಎಲ್ಲ ಅವತ್ತೇ. ಇದು ತಿಳಿಯದವರು ನನ್ನ ಮುಂದೆ ರೇಸಿನ ಮಾತು ಎತ್ತಬಾರದು.

ನಾನು ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುವವನು. ಇಪ್ಪತ್ತೆರಡು ವರ್ಷ ತೂಕದ ಕಾಟಾದ ಮುಂದೆ ನಿಂತಿದ್ದೇನೆ. ನಮ್ಮ ಮನೆಯ ಟಿವಿ ಧಾರಾವಾಹಿಗಳ ಪಾಲು. ಹಾಗಾಗಿ ರೇಸಿದ್ದ ಶನಿವಾರ ಸಂಜೆ ಬಸ್ಸು ಹತ್ತಿ ರಾಣೆಬೆನ್ನೂರಿಗೆ, ಅಕ್ಕನ ಮನೆಗೆ ಹೋಗುತ್ತೇನೆ. ಅಕ್ಕನ ಗಂಡ, ನನ್ನ ಮಾವನದು ಟಾಯರ್ ಅಂಗಡಿ. ಈ ಹುಚ್ಚು ಹಿಡಿಸಿದವನು ಅವನೇ. ನಾವಿಬ್ಬರೂ ಮೆಚ್ಚಿಕೊಂಡಿದ್ದು ಒಂದು ಸಣ್ಣ ತಂಡದ ಚಾಲಕನನ್ನು. ನಲವತ್ತರ ಹತ್ತಿರ ಬಂದವನು, ಹನ್ನೊಂದು ವರ್ಷ ಓಡಿಸಿದರೂ ಒಮ್ಮೆಯೂ ಮೊದಲ ಜಾಗದಲ್ಲಿ ನಿಂತವನಲ್ಲ. ನಾವು ಅವನನ್ನು 'ನಮ್ಮವ' ಎಂದೇ ಕರೆಯುತ್ತಿದ್ದೆವು. ಅವನು ಮುಂದೆ ನಿಲ್ಲುವುದನ್ನು ಒಂದು ಸಲ ನೋಡಿದರೆ ಸಾಕಿತ್ತು ನನಗೆ.

ಆ ಶನಿವಾರ ನಾನು ಬೀಗುತ್ತಲೇ ಹೋಗಿದ್ದೆ. ಹೊಸ ಕಾಯಿ ಬರಲು ಶುರುವಾದ ದಿನಗಳು. ಎರಡು ದಿನದ ಹಿಂದೆ, ಗುರುವಾರದ ಪೇಟೆಯಲ್ಲಿ, ಕದರಮಂಡಲಗಿ ಕಡೆಯ ಒಬ್ಬ ಹೆಣ್ಣುಮಗಳ ರಾಶಿಗೆ ನಮ್ಮ ಅಂಗಡಿಯಲ್ಲೇ ಎಲ್ಲಕ್ಕಿಂತ ಮೇಲಿನ ದರದ ಟೆಂಡರ್ ಬಿದ್ದಿತ್ತು. ತೂಗುವಾಗ ಕೈ ಹಾಕಿದರೆ ಒಂದು ಚೀಲದ ತಳ ತೇವ. ತೂಕ ಹೆಚ್ಚಲಿ ಎಂದು ನೀರು ಹೊಡೆದು ತರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಕೆ ಕಣದಲ್ಲಿ ಇಬ್ಬನಿ ಬಿದ್ದಿದೆ, ನೀರು ಹೊಡೆದಿಲ್ಲ ಎಂದಳು. ಇಂಥ ಕಥೆ ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ ಚೀಲ ಕೆಳಗಿಳಿಸಿದೆ. ಖರೀದಿದಾರ ಹಿಂದೆ ಸರಿದ. ಟೆಂಡರ್ ರದ್ದಾಯಿತು. ಆಕೆ ಸ್ವಲ್ಪ ಹೊತ್ತು ಕಾಟಾದ ಪಕ್ಕದಲ್ಲೇ ಕೈ ಇಳಿಬಿಟ್ಟು ನಿಂತಿದ್ದು, ಆಮೇಲೆ ಚೀಲ ಹೇರಿಸಿಕೊಂಡು ಹೋದಳು. ಗಿರಮಿಟ್ಟು ತಿನ್ನುತ್ತ ಇದನ್ನೆಲ್ಲ ಮಾವನಿಗೆ ಹೇಳಿದೆ. ನನ್ನ ಕೈಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದೂ ಸೇರಿಸಿದೆ.

ಅಲ್ಲಿ ರೇಸಿನ ಊರಲ್ಲಿ ಮಳೆ ಬಂದು ನಿಂತಿತ್ತು. ಎಲ್ಲರೂ ಮಳೆಯ ಟಾಯರ್ ಮೇಲೆಯೇ ಇದ್ದಾಗ ನಮ್ಮವ ಒಬ್ಬನೇ ಒಣ ರಸ್ತೆಯ ಟಾಯರ್ ಹಾಕಿಕೊಂಡು ಹೊರಟ. ಬರೋಬ್ಬರಿ ಮಾಡಿದ ಎಂದು ಮಾವ ಎದ್ದು ನಿಂತ. ಕೊನೆಯ ಸುತ್ತು ಮುಗಿದಾಗ ಪಟ್ಟಿಯ ಎಲ್ಲಕ್ಕಿಂತ ಮೇಲೆ ನಮ್ಮವನ ಹೆಸರು. ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಾವ ಪಕ್ಕದ ಬೀಜದ ಅಂಗಡಿಯವನನ್ನೂ ಕೂಗಿ ಕರೆದು ಕೂರಿಸಿದ.

ಅಷ್ಟರಲ್ಲಿ ಕಾರನ್ನು ತೂಕಕ್ಕೆ ಹತ್ತಿಸಿದರು. ಕಾರು ಇಂತಿಷ್ಟು ತೂಗಲೇಬೇಕೆಂಬ ನಿಯಮವಿದೆ. ಒಂದು ಕಿಲೋ ಕಡಿಮೆ ಬಂತು. ನಮ್ಮವನು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಆ ಕಾಟಾದ ಪಕ್ಕ ನಿಂತಿದ್ದ. ತಾಸು ಕಳೆದ ಮೇಲೆ ಹೆಸರು ಅಳಿಸಿದರು. ಭಾನುವಾರ ಎಲ್ಲರ ಹಿಂದೆ ನಿಲ್ಲಬೇಕಂತೆ.

ಒಂದು ಕಿಲೋ! ಇವರೇನು ಬಂಗಾರ ತೂಗುತ್ತಾರೋ? ಆ ಟಾಯರ್ ಅಷ್ಟು ಸವೆದರೆ ಒಂದು ಕಿಲೋ ಹೋಗದೆ ಇನ್ನೇನಾಗುತ್ತದೆ? ಇದನ್ನು ಯಾವ ಪಂಕ್ಚರ್ ಅಂಗಡಿಯವನಾದರೂ ಹೇಳುತ್ತಾನೆ. ಆಗಷ್ಟೇ ಅವನನ್ನು ಹೊಗಳಿ ಅಟ್ಟಕ್ಕೇರಿಸಿದ್ದ ವೀಕ್ಷಕ ವಿವರಣೆಯವರು ಒಂದೇ ಉಸಿರಿಗೆ ರಾಗ ಬದಲಿಸಿದರು. ಏನಾದರೂ ಮೋಸ ಮಾಡಿರಬೇಕು ಎಂದ ಬೀಜದ ಅಂಗಡಿಯವನು. ಅವನ ಅಂಗಿ ಹಿಡಿಯುವುದೊಂದು ಬಾಕಿ. ನಮ್ಮವನ ಮುಖ ನೋಡು, ಅದು ಮೋಸಗಾರನ ಮುಖವೇನು ಎಂದು ಕೂಗಾಡಿದೆ. ಅಧಿಕಾರಿಗಳು ಚಾಲಕನನ್ನೂ ತಂಡದವರನ್ನೂ ಕರೆಸಿ ಒಂದು ತಾಸು ವಿಚಾರಿಸಿದ್ದರಂತೆ. ಬೇಕೆಂದು ಮಾಡಿದ್ದಲ್ಲ, ಆದರೂ ನಿಯಮ ನಿಯಮವೇ ಎಂದು ಬರೆದುಕೊಟ್ಟರಂತೆ. ಅದನ್ನು ಕೇಳಿ ನನ್ನ ಸಿಟ್ಟು ಇನ್ನಷ್ಟು ಏರಿತು. ಬೇಕೆಂದು ಮಾಡಿಲ್ಲವೆಂದ ಮೇಲೆ ಹೆಸರು ಅಳಿಸುವುದೇಕೆ?

ತಟ್ಟೆ ಎತ್ತಲು ಬಂದ ಅಕ್ಕ ನನ್ನ ಕಡೆ ನೋಡದೆಯೇ ಹೇಳಿದಳು, "ಅವ್ರು ಒಂದ್ ತಾಸರ ಅವನ ಮಾತ ಕೇಳ್ಯಾರ. ನೀ ಆ ಹೆಣ್ಣಮಗಳ ಮಾತ ಎಷ್ಟೊತ್ತ ಕೇಳೀದಿ?"

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅಕ್ಕನ ಮೇಲೂ ರೇಗಿದೆ. ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಅಧಿಕಾರಿಗಳನ್ನು ಬೈಯಲು ನೋಡಿದೆ. ನಡುನಡುವೆ ಆ ಇಬ್ಬನಿಯ ಮಾತು ಅಡ್ಡ ಬರುತ್ತಿತ್ತು. ಇಬ್ಬನಿ ಬಿದ್ದಿದ್ದರೂ ಬಿದ್ದಿರಬಹುದು. ನಾನು ಆಕೆಯ ಮಾತನ್ನು ಪೂರ್ತಿ ಕೇಳಿರಲಿಲ್ಲ.

ಸೋಮವಾರದ ಪೇಟೆಯಲ್ಲಿ ಆಕೆಗಾಗಿ ಕಾದೆ. ಇಬ್ಬನಿ ಬಿದ್ದಿದ್ದರೆ ಬಿದ್ದಿರಬಹುದು, ಅವತ್ತು ನಾನು ಹಾಗೆ ಅನ್ನಬಾರದಿತ್ತು ಎಂದು ಹೇಳಲು ಮಾತು ಹೊಂದಿಸಿಕೊಂಡಿದ್ದೆ. ಆಕೆ ನಮ್ಮ ಅಂಗಡಿಗೆ ಬರಲಿಲ್ಲ. ನಾಲ್ಕು ಅಂಗಡಿ ಆಚೆ ಆಕೆಯ ರಾಶಿ ಇತ್ತು, ಕಾಯಿ ಗಲಗಲ ಅನ್ನುವಷ್ಟು ಒಣಗಿತ್ತು. ಹೋದೆನೇನೋ ಹೌದು. ಆದರೆ ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಹಳೆಯ ಬಿಂಕವೇ. ಈ ಕಡೆ ಯಾಕೆ ತಂದಿರಿ, ನಮ್ಮ ಕಾಟಾ ಎಂದೂ ಸುಳ್ಳು ಹೇಳಿಲ್ಲವಲ್ಲ ಎಂದೆ.

"ನಿಮ್ಮ ಕಾಟಾ ಸುಳ್ಳ ಅಂತ ನಾ ಅಂದಿಲ್ರಿ ಅಣ್ಣಾರ," ಎಂದಳು ಆಕೆ. "ನನ್ನ ಮಾತ ಸುಳ್ಳ ಅಂತ ನೀವು ನಾಕ್ ಮಂದಿ ಮುಂದ ಅಂದ್ರಿ. ಅದಕ್ಕ ಈ ಕಡೆ ಬಂದೆ."

ಅಷ್ಟರಲ್ಲಿ ಅಲ್ಲಿಯ ತೂಕದವನು ಕರೆದ. ಆಕೆ ತನ್ನ ಚೀಲದ ಕಡೆ ಹೋದಳು. ನಾನು ಬೇರೆಯವರ ಕಾಟಾದ ಪಕ್ಕ ಕೈ ಇಳಿಬಿಟ್ಟು ನಿಂತಿದ್ದೆ.