ಬಿಚ್ಚಿ ನೋಡದೆ ಹೊರೆ ಎತ್ತದ ಭೀಮವ್ವ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರಕೇರಾ ಸೀಮೆಯ ಹತ್ತಿ ಹೊಲದ ಬದುವಿನ ಮೇಲೆ ಹತ್ತಾರು ಹೆಣ್ಣುಮಕ್ಕಳು ಕಳೆ ಕೀಳುವ ಕುರ್ಪಿ ಹಿಡಿದು ಕುಳಿತಿದ್ದಾರೆ. ಹೊಲಕ್ಕೆ ಇಳಿದಿರುವುದು ಒಬ್ಬರೇ, ಗುಂಪಿನ ಮುಂದಾಳು ಭೀಮವ್ವ. ಸೀರೆ ಎತ್ತಿ ಕಟ್ಟಿಕೊಂಡು ಸಾಲು ಸಾಲು ನಡೆಯುತ್ತಾರೆ. ನಡುನಡುವೆ ಬಿತ್ತಿದ ತೊಗರಿಯನ್ನು ಸರಿಸಿ ಇಣುಕುತ್ತಾರೆ, ಅನುಮಾನ ಬಂದರೆ ಎಲೆ ಹಿಸುಕಿ ಮೂಸುತ್ತಾರೆ. ಆ ತುದಿ ಮುಟ್ಟಿ ಬಂದು "ಇಳೀರಿ" ಎಂದ ಮೇಲೆಯೇ ಕಸ ತೆಗೆಯುವ ಕೆಲಸ ಶುರುವಾಗುತ್ತದೆ.

ಭೀಮವ್ವ ಹುಡುಕುವುದು ಹಾವನ್ನಲ್ಲ, ಗಾಂಜಾ ಗಿಡವನ್ನು. ತೊಗರಿ, ಹತ್ತಿಯ ಮರೆಯಲ್ಲಿ ಅದನ್ನು ಬೆಳೆಸುವವರು ಇದ್ದಾರೆಂಬುದು ಊರಿಗೆಲ್ಲ ಗೊತ್ತು, ಬೆಳೆಸುವವರು ಯಾರೆಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ. ಗಿಡ ಕಂಡರೆ ಗುಂಪು ತುಟಿಪಿಟಕ್ಕೆನ್ನದೆ ವಾಪಸು ಹೊರಡುತ್ತದೆ. ಅಂದಿನ ಕೂಲಿ ಹೋಯಿತು ಎಂದುಕೊಂಡರೆ ಆಯಿತು. ಪೊಲೀಸರಿಗೆ ಹೇಳಬಹುದಲ್ಲ ಎಂದರೆ ಭೀಮವ್ವ ಕಣ್ಣು ಕಿರಿದು ಮಾಡುತ್ತಾರೆ. "ಹೇಳಿದ್ರ ಮೊದಲ ಬರಿಯೋ ಹೆಸರು ನಂದೇರಿ. ನಿನಗ ಹೆಂಗ ಗೊತ್ತಾತು ಅಂತಾರ."

ಪತ್ರಿಕೆಗೆ ಬರೆಯಲು ಬಂದವರ ಮೇಲೂ ಅವರಿಗೆ ನಂಬಿಕೆ ಇಲ್ಲ. ಹೆಗಲ ಚೀಲವನ್ನು ಬದುವಿನ ಮೇಲೆ ಬಿಚ್ಚಿಸಿ, ನೀರಿನ ಬಾಟಲಿ, ಬಿಸ್ಕಿಟು, ಕ್ಯಾಮೆರಾ ಎಲ್ಲವನ್ನೂ ನೋಡಿದ ಮೇಲೆಯೇ ಮಾತಿಗೆ ಕೂತದ್ದು. "ಬೆಳ್ಳಗಿರೋದೆಲ್ಲ ಹಾಲಲ್ರೀ" ಎನ್ನುತ್ತಾರೆ, ಮುಖದಲ್ಲಿ ಒಂದಿಷ್ಟೂ ಸಂಕೋಚವಿಲ್ಲದೆ.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಈ ಕಡೆ ಕಸ ತೆಗೆಯುವವರಿಗೆ ಒಂದು ಹಳೆಯ ಹಕ್ಕಿದೆ. ಕಿತ್ತ ಹುಲ್ಲು ಕಿತ್ತವರದ್ದು. ಸಂಜೆ ಅದನ್ನು ಹಳೆಯ ಸೀರೆಯಲ್ಲಿ ಹೊರೆ ಕಟ್ಟಿ, ಮನೆಯ ಆಡು ಎಮ್ಮೆಗೆಂದು ಒಯ್ಯುತ್ತಾರೆ. ತುಂಬಿದ ಹೊರೆಯನ್ನು ಯಾರಿಗೂ ತಾವೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ, ಎತ್ತಿಕೊಡಲು ಇನ್ನೊಬ್ಬರು ಬೇಕು.

ಎರಡು ವರ್ಷದ ಹಿಂದೆ ಗಬ್ಬೂರಿನ ಕಡೆಯ ಒಂದು ಹೊಲದಲ್ಲಿ ಕೆಲಸ ಮುಗಿದಾಗ ಭೀಮವ್ವನ ಓರಗಿತ್ತಿ ಮುದುಕಮ್ಮ ನೀರು ಕುಡಿಯಲು ಹೋಗಿ ಹಿಂದೆ ಉಳಿದರು. ಮರಳಿ ಬಂದಾಗ ಅವರ ಹೊರೆಯನ್ನು ಎತ್ತಿಕೊಟ್ಟವನು ಗಡಿಗೆಪ್ಪ, ಮಾಲೀಕನ ಪರವಾಗಿ ಹೊಲ ನೋಡಿಕೊಳ್ಳುವವನು. ಅಲ್ಲಿಯವರೆಗೆ ಯಾವ ಹೆಣ್ಣುಮಗಳ ಹೊರೆಗೂ ಕೈ ಹಚ್ಚದವನು ಅಂದು ತಾನಾಗಿಯೇ ಮುಂದೆ ಬಂದ. ಮುದುಕಮ್ಮ "ನಿನ್ನ ಹೊಟ್ಟಿ ತಣ್ಣಗಿರಲಿ ಯಪ್ಪಾ" ಎಂದು ಹರಸಿದರು. ಕೂಲಿಯವರನ್ನು ಒಯ್ಯುವ ಟಂಟಂ ಆಟೋ ಹತ್ತಿರ ನಿಂತಿದ್ದ ಭೀಮವ್ವ ದೂರದಿಂದಲೇ ಇದನ್ನು ನೋಡಿ, ಪರವಾಗಿಲ್ಲ, ಒಳ್ಳೆಯವನೇ ಎಂದುಕೊಂಡರು.

ದಾರಿಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಹೊರೆಗಳನ್ನು ಬಿಚ್ಚಿಸಿದಾಗ ಮುದುಕಮ್ಮನ ಹುಲ್ಲಿನ ನಡುವೆ ಹೂ ಬಿಟ್ಟ ಗಾಂಜಾ ಗಿಡಗಳಿದ್ದವು. ಜೀಪು ಬರುವ ಸುದ್ದಿ ಮೊದಲೇ ಹೊಲಕ್ಕೆ ಮುಟ್ಟಿತ್ತು, ಮಾಲು ಅಲ್ಲಿಂದ ಸಾಗಬೇಕಿತ್ತು ಎಂಬುದು ಭೀಮವ್ವನ ಗುಮಾನಿ. ಒಳಗೆ ಇಟ್ಟವರನ್ನು ಕಂಡವರಿಲ್ಲ. ಮಾಲೀಕ "ಆಳುಗಳ ಕೆಲಸ ನನಗೇನು ಗೊತ್ತು" ಎಂದು ಕೈ ತೊಳೆದುಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮುದುಕಮ್ಮ ತಿಂಗಳುಗಟ್ಟಲೆ ರಾಯಚೂರು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದರು. ಕೇಸು ಇನ್ನೂ ನಡೆದಿದೆ. ಹೊರೆ ಎತ್ತಿಕೊಟ್ಟವನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.

ಅಂದಿನಿಂದ ಭೀಮವ್ವನ ಗುಂಪಿನಲ್ಲಿ ಎರಡು ಕಟ್ಟಳೆ. ಹೊರೆಯನ್ನು ಹೆಂಗಸರೇ ಹೆಂಗಸರಿಗೆ ಎತ್ತಿಕೊಡಬೇಕು. ಎತ್ತುವ ಮೊದಲು ಪ್ರತಿ ಹೊರೆಯನ್ನೂ ಬಿಚ್ಚಿ ಭೀಮವ್ವ ಕೈಯಾಡಿಸಬೇಕು. ಇದು ಎಲ್ಲರಿಗೂ ಹಿಡಿಸಿಲ್ಲ. ಹದಿನೈದು ವರ್ಷ ಜೊತೆಗೆ ದುಡಿದ ಯಶೋದಾ, "ನನ್ನ ಕಳ್ಳಿ ಮಾಡ್ದಿ" ಎಂದು ಅತ್ತು ಬೇರೆ ಗುಂಪು ಸೇರಿದ್ದಾರೆ. ಸಂತೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ. ಅದನ್ನು ಹೇಳುವಾಗ ಮಾತ್ರ ಭೀಮವ್ವನ ದನಿ ಇಳಿಯುತ್ತದೆ. "ಆಕಿ ಕಳ್ಳಿ ಅಲ್ರಿ. ಆಕಿ ಹೊರ್ಯಾಗ ಯಾರರ ಇಟ್ಟಾರು ಅಂತ ನನ್ನ ಅಂಜಿಕಿ. ಇದನ್ನ ಆಕಿಗಿ ಹೆಂಗ ತಿಳಿಸಿ ಹೇಳಲಿ?"

ಈಗ ಗಾಂಜಾ ಕಾನೂನು ಬದಲಾಗಬೇಕೋ ಬೇಡವೋ ಎಂಬ ಚರ್ಚೆ ಜಿಲ್ಲೆಯಲ್ಲಿ ಕಾವೇರಿದೆ. ಕಾಯ್ದೆ ಸಡಿಲಿಸಿ ಎನ್ನುವ ರಾಯಚೂರಿನ ವೇದಿಕೆಯೊಂದರ ಹಾಲೇಶ ಕಾರು ತಂದು, ಮುದುಕಮ್ಮನನ್ನು ಸಭೆಗೆ ಕರೆದೊಯ್ಯುತ್ತೇವೆ ಎಂದರು. ಕಾಯ್ದೆ ಬಿಗಿಯಾಗಲಿ ಎಂದು ಊರೂರು ತಿರುಗುವ ಮಾನ್ವಿಯ ನಿವೃತ್ತ ಶಿಕ್ಷಕಿ ಚಂದ್ರಕಲಾ ಮಾರನೆಯ ದಿನವೇ ಬಂದರು. ಅವರಿಗೆ ಮುದುಕಮ್ಮನ ಜೊತೆ ಒಂದು ಫೋಟೋ ಬೇಕಿತ್ತು. ಮನೆಯ ಕಂಬದ ಹಿಂದೆ ಕೂತ ಮುದುಕಮ್ಮ ಇಬ್ಬರಿಗೂ ಒಲ್ಲೆ ಎಂದರು. ಭೀಮವ್ವನಿಗೆ ಇಬ್ಬರ ಮೇಲೂ ಸಂಶಯ. "ಇವರೂ ಹೊರಿ ಎತ್ತಿಕೊಡಾಕ ಬಂದಾರ. ಒಳಗ ಏನು ಇಟ್ಟಾರೋ."

ಆದರೂ ಸಭೆಯ ದಿನ ಓರಗಿತ್ತಿಯ ಬದಲು ತಾವೇ ಹೋದರು, ಕಾರಿನಲ್ಲಲ್ಲ, ಬಸ್ಸಿನಲ್ಲಿ. ರಾಯಚೂರಿನ ಆ ಸಭಾಂಗಣದಲ್ಲಿ ಎರಡೂ ಪಕ್ಷದವರಿದ್ದರು. ಸೇದುವ ಬಡವನನ್ನೂ ಹೊರುವ ಕೂಲಿಯನ್ನೂ ಜೈಲಿಗೆ ಹಾಕುವ ಕಾಯ್ದೆಯಿಂದ ಯಾರಿಗೆ ಲಾಭ ಎಂದು ಹಾಲೇಶ ಕೇಳಿದರು. ಶರಣರ ಗದ್ದುಗೆಯೊಂದರ ವಯಸ್ಸಾದ ಭಕ್ತರೊಬ್ಬರು ಎದ್ದು, ನಮ್ಮಲ್ಲಿ ಅದು ಪ್ರಸಾದ, ಚಟ ಅಲ್ಲ ಎಂದರು. ಚಂದ್ರಕಲಾ ತಮ್ಮ ಅಣ್ಣನ ಮಗ ಅದೇ ಹೊಗೆಯಲ್ಲಿ ಹಾಳಾದ ಕಥೆ ಹೇಳುತ್ತಾ ಅರ್ಧದಲ್ಲೇ ಅತ್ತುಬಿಟ್ಟರು. ಆ ಅಳು ಸುಳ್ಳಲ್ಲ ಎಂದು ಭೀಮವ್ವನಿಗೂ ಅನಿಸಿತು, ಮನಸ್ಸಿಲ್ಲದ ಮನಸ್ಸಿನಿಂದ.

ಕೊನೆಗೆ ಮೈಕು ಭೀಮವ್ವನ ಕೈಗೆ ಬಂತು. "ನೀವು ಸಡ್ಲ ಮಾಡ್ರಿ ಅಂತೀರಿ, ಅವರು ಬಿಗಿ ಮಾಡ್ರಿ ಅಂತಾರ. ಹೊತ್ತಾಕಿ ಜೇಲಿಗಿ ಹೋದ್ಳು. ಎತ್ತಿಕೊಟ್ಟಾವ ಮನ್ಯಾಗ ಅದಾನ. ನಿಮ್ಮ ಕಾಯ್ದ್ಯಾಗ ಅವ ಎಲ್ಲಿ ಬರ್ತಾನ?"

ಚಂದ್ರಕಲಾ ಕಾನೂನು ಬಿಗಿಯಾದರೆ ಅವನೂ ಸಿಗುತ್ತಾನೆ ಎಂದರು. ಹಾಲೇಶ, "ಸಾಕ್ಷಿ ಹೇಳೋರು ಇಲ್ಲಂದ್ರ ಯಾವ ಕಾಯ್ದ್ಯಾಗೂ ಬರಂಗಿಲ್ಲ ಯವ್ವಾ" ಎಂದರು. ಭೀಮವ್ವನಿಗೆ ಅಂದು ನೇರ ಮಾತು ಎನಿಸಿದ್ದು ಅದೊಂದೇ. ಹಾಗೆಂದು ಹಾಲೇಶ ಊರಿನಲ್ಲಿ ಹಂಚಲು ಕೊಟ್ಟ ಕರಪತ್ರಗಳ ಗಂಟನ್ನು ಬಿಚ್ಚಿ ನೋಡದೆ ಬಸ್ಸು ಹತ್ತಲಿಲ್ಲ.

ಗಡಿಗೆಪ್ಪ ಹೊರೆ ಎತ್ತಿಕೊಟ್ಟದ್ದನ್ನು ಕಂಡ ಸಾಕ್ಷಿ ಭೀಮವ್ವನೇ. ಮುಂದಿನ ತಾರೀಖಿಗೆ ಅವರು ಮುದುಕಮ್ಮನ ಪರವಾಗಿ ಕೋರ್ಟಿನಲ್ಲಿ ನಿಂತು ತಾವು ಕಂಡದ್ದನ್ನು ಹೇಳಬೇಕು. ಸುದ್ದಿ ತಿಳಿದ ಗಡಿಗೆಪ್ಪ ಮೊನ್ನೆ ಮನೆಯ ಬಾಗಿಲಿಗೇ ಬಂದಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳದಿದ್ದರೂ "ನಾ ಏನೂ ಮಾಡಿಲ್ಲ" ಎಂದ. ಆಮೇಲೆ, ಮಾಲೀಕರ ಎಲ್ಲ ಹೊಲಗಳ ಕೆಲಸ ಈ ಸಲ ನಿನ್ನ ಗುಂಪಿಗೇ ಎಂದ. ಒಲ್ಲೆ ಎಂದರೆ ಸುತ್ತಲಿನ ಹೊಲಗಳ ಬಾಗಿಲೂ ಮುಚ್ಚುತ್ತದೆ ಎಂಬುದು ಹೇಳದೆಯೇ ತಿಳಿಯುವ ಮಾತು. "ಅದನ್ನೂ ಬಿಚ್ಚಿ ನೋಡ್ದೆರಿ" ಎನ್ನುತ್ತಾರೆ ಭೀಮವ್ವ. "ಒಳಗ ನನ್ನ ಬಾಯಿಗಿ ಹಾಕೋ ಕೀಲಿ ಇತ್ತು." ಆ ರಾತ್ರಿ ಗುಂಪಿನವರನ್ನು ಕೂರಿಸಿಕೊಂಡು ಕೇಳಿದಾಗ, ಒಬ್ಬೊಬ್ಬರೇ ನಿಧಾನಕ್ಕೆ, ನೀ ಹೇಳು, ಉಪವಾಸ ಬಿದ್ದರೆ ಎಲ್ಲರೂ ಬೀಳೋಣ ಎಂದಿದ್ದಾರೆ. ಎಲ್ಲರೂ ಕೊನೆಯವರೆಗೆ ನಿಂತಾರೆ ಎಂದು ಭೀಮವ್ವ ನಂಬಿಲ್ಲ. ನಂಬದೆಯೇ ಕೋರ್ಟಿಗೆ ಹೊರಟಿದ್ದಾರೆ.

ಸಂಜೆಯಾಗುತ್ತದೆ. ಬದುವಿನ ಮೇಲೆ ಹೊರೆಗಳು ಸಾಲಾಗಿ ಕೂರುತ್ತವೆ. ಭೀಮವ್ವ ಒಂದೊಂದಾಗಿ ಬಿಚ್ಚಿ, ಹುಲ್ಲಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಮತ್ತೆ ಕಟ್ಟುತ್ತಾರೆ. ಮುದುಕಮ್ಮ ಮಾತ್ರ ಕೇಳುವ ಮೊದಲೇ ತಮ್ಮ ಹೊರೆಯ ಗಂಟು ಬಿಚ್ಚಿ ಪಕ್ಕಕ್ಕೆ ಸರಿದು ನಿಂತಿದ್ದಾರೆ.

"ಇವತ್ತೂ ಸಂಶೆ ಏನಬೇ ನನ್ನ ಮ್ಯಾಲ?" ಎಂದು ನಗುತ್ತಾರೆ.

"ನಿನ್ನ ಮ್ಯಾಲ ಅಲ್ಲಬೇ" ಎಂದು ಭೀಮವ್ವ ಹುಲ್ಲಿನೊಳಗೆ ಕೈಯಾಡಿಸುತ್ತಾರೆ. ಹೊರೆಯನ್ನು ಕಟ್ಟಿ, ಓರಗಿತ್ತಿಯ ತಲೆಯ ಸಿಂಬೆ ಸರಿಮಾಡಿ ಎತ್ತಿಕೊಡುತ್ತಾರೆ. ಆಮೇಲೆ ತಮ್ಮ ಹೊರೆಯ ಗಂಟನ್ನೂ ಬಿಚ್ಚಿ, ನೀವೂ ನೋಡ್ರಿ ಎಂಬಂತೆ ಉಳಿದವರ ಮುಂದೆ ನಿಲ್ಲುತ್ತಾರೆ.

ನಿಮಗೆ ಏನಾಗಬೇಕು ಎಂದು ಕೇಳಿದರೆ ದಾರಿಯ ಕಡೆ ನೋಡುತ್ತಾರೆ. ಮುದುಕಮ್ಮ ಆಗಲೇ ಹೊರೆ ಹೊತ್ತು ಮುಂದೆ ನಡೆದಿದ್ದಾರೆ.

"ಕಾಯ್ದೆ ಸಡ್ಲರ ಆಗಲಿ, ಬಿಗಿಯರ ಆಗಲಿ. ಯಶೋದಾನ ಕರದು, ಬಿಚ್ಚಿ ನೋಡಲಾರದ ಆಕಿ ಹೊರಿ ಎತ್ತಿಕೊಡಬೇಕ್ರಿ. ಒಂದಿನ. ಅಷ್ಟ ಸಾಕು."